ಮೊಣಕೈ ಇರುವ ಕ್ರೇನು

ಗರುಡಾಚಾರ್‌ಪಾಳ್ಯದ ಒಂದು ಕ್ರೇನ್ ಯಾರ್ಡಿನಲ್ಲಿ ಫೋರ್‌ಮನ್ ಆಗಿದ್ದು, ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಈಗಲೂ ಐದಕ್ಕೆ ಏಳುತ್ತೇನೆ. ಐದೂವರೆಗೆ ಬಾಣಸವಾಡಿ ಸ್ಟೇಷನ್ನಿನವರೆಗೆ ನಡೆದು ಬಂದು ಆರೂವರೆಗೆ ತಿಂಡಿ ತಿನ್ನುತ್ತೇನೆ. ದಾರಿಯಲ್ಲಿ ಎಲ್ಲಾದರೂ ಕ್ರೇನು ಕೆಲಸ ಮಾಡುತ್ತಿದ್ದರೆ ಮಾತ್ರ ತಿಂಡಿ ತಡವಾಗುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ಬಂದು, ಯಾವ ಕ್ರೇನು ಕಲಿತರೆ ಒಳ್ಳೆಯದು ಎಂದು ಕೇಳುತ್ತಾರೆ. ಲಾರಿಯ ಮೇಲೆ ಕೂರಿಸಿದ, ತೋಳು ನಡುವೆ ಮಡಚುವ ಕ್ರೇನನ್ನು ಕಲಿಯಿರಿ ಎನ್ನುತ್ತೇನೆ. ಏಕೆ ಎಂದು ಕೇಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಏನಾಗಿ ಬಡ್ತಿ ಪಡೆದೆ ಎಂಬುದರಿಂದ ನಿಮಗೆ ಉಪಯೋಗವಿಲ್ಲ, ಅದನ್ನು ಬಿಟ್ಟಿದ್ದೇನೆ. ತಪ್ಪುಗಳನ್ನು ಬಿಟ್ಟಿಲ್ಲ.

ನಾನು ಕೆಲಸ ಕಲಿತದ್ದು ನಗರದ ಪೂರ್ವದಲ್ಲಿದ್ದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ, ಅಪ್ರೆಂಟಿಸ್ ಆಗಿ. ಏಳಕ್ಕೆ ಸೈರನ್, ಏಳೂ ಐದಕ್ಕೆ ಗೇಟು ಬಂದ್. ನಮಗೆ ಕೈ ಸನ್ನೆ ಕಲಿಸಿದವರು ಫ್ರಾನ್ಸಿಸ್ ಸಾರ್. ದಂಡು, ಅಂದರೆ ಕಂಟೋನ್ಮೆಂಟ್ ಕಡೆಯವರು, ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಒಂದೇ ಉಸಿರಿನಲ್ಲಿ ಬೈಗುಳಕ್ಕೆ ಬಳಸುತ್ತಿದ್ದರು. ಎರಡನೆಯ ವಾರ ನಾನು ಎಡಗೈಯಲ್ಲಿ ಕಾಫಿ ಲೋಟ ಹಿಡಿದು ಬಲಗೈಯಲ್ಲಿ ಕ್ರೇನಿಗೆ ಸನ್ನೆ ಮಾಡುತ್ತಿದ್ದೆ. ಅವರು ಹತ್ತಿರ ಬಂದು ನಿಧಾನವಾಗಿ ಹೇಳಿದರು: "ಒಂದ್ ಕೈಲಿ ಕಾಪಿ, ಒಂದ್ ಕೈಲಿ ಕ್ರೇನು. ಯಾವ್ದು ಬೇಕು ಡಿಸೈಡ್ ಮಾಡಪ್ಪ. ಕಾಪಿ ಆದ್ರೆ ಕ್ಯಾಂಟೀನ್ ಆ ಕಡೆ."

ಅವರ ನಿಯಮ ಒಂದೇ. ಹೊರೆ ನೆಲ ಬಿಟ್ಟ ಮೇಲೆ ಸನ್ನೆ ಮಾಡುವವನು ಒಬ್ಬನೇ, ಉಳಿದವರ ಬಾಯಿ ಮುಚ್ಚಿರಬೇಕು. ಕ್ರೇನ್ ನಡೆಸುವವನು ಆ ಒಬ್ಬನ ಕೈಯನ್ನು ಮಾತ್ರ ನೋಡಬೇಕು. ಆಪರೇಟರು ಹೊರೆಯಿಂದ ಅರವತ್ತು ಅಡಿ ದೂರ, ಕ್ಯಾಬಿನ್ನಿನ ಗಾಜಿನ ಹಿಂದೆ ಕೂರುತ್ತಿದ್ದ ಕಾಲದಲ್ಲಿ ಈ ನಿಯಮ ಎಷ್ಟೋ ಜನರ ಕೈಕಾಲು ಉಳಿಸಿತು. ನಾನು ಅದನ್ನು ಕೊನೆಯವರೆಗೆ ಹಿಡಿದುಕೊಂಡೆ. ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ದಿನವೇ ಹಿಡಿದುಕೊಂಡೆ ಎಂಬುದು ಮುಂದೆ ತಿಳಿಯುತ್ತದೆ.

ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾದಾಗ ಸ್ವಯಂ ನಿವೃತ್ತಿ ಪಡೆದು ಯಾರ್ಡಿಗೆ ಸೇರಿದೆ. ಅಲ್ಲಿದ್ದದ್ದು ನೇರ ಬೂಮಿನ ಕ್ರೇನು: ಉದ್ದನೆಯ ಒಂದೇ ತೋಳು, ತುದಿಯಿಂದ ಇಳಿಯುವ ಹಗ್ಗ, ಹಗ್ಗದ ಕೊನೆಗೆ ಕೊಕ್ಕೆ. ಎತ್ತರಕ್ಕೆ ಎತ್ತಲು ಇಂದಿಗೂ ಅದೇ ಮೇಲು. ಆದರೆ ನಮ್ಮ ಗಿರಾಕಿಗಳಿಗೆ ಬೇಕಾಗಿದ್ದ ಎತ್ತರ ಹೆಚ್ಚೆಂದರೆ ಎರಡನೆಯ ಮಹಡಿ. ಅವರಿಗೆ ಬೇಕಾಗಿದ್ದದ್ದು ಸಂದಿಯಲ್ಲಿ ತೂರುವುದು.

ಒಮ್ಮೆ ಶಿವಾಜಿನಗರದ ಬೇಕರಿಯೊಂದಕ್ಕೆ ಹಿಟ್ಟು ಕಲಸುವ ಯಂತ್ರವನ್ನು ಮೊದಲ ಮಹಡಿಗೆ ಏರಿಸಬೇಕಾಗಿತ್ತು. ಕ್ರೇನು ಒಂದು, ಯಂತ್ರ ಹೊತ್ತ ಲಾರಿ ಒಂದು. ಗಲ್ಲಿಯೊಳಗೆ ಎರಡೂ ಒಟ್ಟಿಗೆ ನಿಲ್ಲಲು ಜಾಗವಿಲ್ಲ. ಲಾರಿ ಹಿಂದಕ್ಕೆ ಹೋದರೆ ಕ್ರೇನಿಗೆ ಯಂತ್ರ ಸಿಗುವುದಿಲ್ಲ, ಕ್ರೇನು ಹಿಂದಕ್ಕೆ ಹೋದರೆ ಮಹಡಿ ಸಿಗುವುದಿಲ್ಲ. ಬೂಮ್ ಎತ್ತಿದರೆ ತಲೆಯ ಮೇಲೆ ಕರೆಂಟಿನ ತಂತಿ. ಮೂರು ಗಂಟೆ ಒದ್ದಾಡಿ ಹೊರಟಾಗ ಎದುರಿನ ಚಹಾ ಅಂಗಡಿಯವನು, "ಕ್ಯಾ ಉಸ್ತಾದ್, ಇಷ್ಟುದ್ದ ಕೈ ಇದ್ದು ಒಂದ್ ಕಪ್ ಎತ್ತೋಕಾಗಲ್ವಾ?" ಎಂದ. ನಾವು ಗಲ್ಲಿ ದಾಟುವ ಮೊದಲೇ ಎಂಟು ಜನ ಹಮಾಲಿಗಳು ಬಿದಿರು ಕಟ್ಟಿ ಅದೇ ಯಂತ್ರವನ್ನು ಮೆಟ್ಟಿಲಿನ ಮೇಲೆ ಹೊತ್ತೊಯ್ದರು. ಅವರಲ್ಲೊಬ್ಬ ನಮ್ಮ ಕಡೆ ಕೈ ಬೀಸಿದ. ನಾನು ಕೈ ಬೀಸಲಿಲ್ಲ.

ಇಂಥ ಎರಡು ಮೂರು ಸೋಲುಗಳ ನಂತರ ಯಾರ್ಡಿನ ಮಾಲೀಕರಾದ ಸರೋಜಮ್ಮ ಮಡಚುವ ಕ್ರೇನು ತಂದರು. ಯಾರ್ಡಿನ ಜಾಗ ಅವರ ಮಾವನ ಕಾಲದಲ್ಲಿ ರಾಗಿ ಹೊಲವಾಗಿತ್ತು. ಕ್ರೇನಿನ ವಿಷಯದಲ್ಲಿಯೂ ಅವರು ಎತ್ತು ಕೊಳ್ಳುವವರಂತೆ ಸುತ್ತ ಎರಡು ಬಾರಿ ನಡೆದು, ಕಾಲು ನೋಡಿ, ಆಮೇಲೆ ಮುಖ ನೋಡುತ್ತಿದ್ದರು. ಹೊಸ ಗಾಡಿ ಒಳಬಂದಾಗ ಅದರ ತೋಳು ಕ್ಯಾಬಿನ್ನಿನ ಹಿಂದೆ ಮೂರು ಮಡಿಕೆಯಾಗಿ ಕುಳಿತಿತ್ತು.

"ಅಮ್ಮ, ಇದು ಕ್ರೇನ್ ಥರ ಕಾಣಲ್ಲ," ಎಂದೆ.

"ನಮ್ ಸೊಸೇನೂ ಮದ್ವೆ ದಿನ ಸೊಸೆ ಥರ ಕಾಣ್ಲಿಲ್ಲ ಕಣ್ರೀ. ಈಗ ಮನೆಯೆಲ್ಲಾ ಅವಳೇ ನಡೆಸ್ತಿಲ್ವಾ?" ಎಂದರು.

ಒಂದು ವಾರ ಅದನ್ನು ಅಳೆದು ನೋಡಿದ ಮೇಲೆ ಮಾತು ಹಿಂತೆಗೆದುಕೊಂಡೆ. ತೋಳು ಮಡಚಿದಾಗ ಲಾರಿಯ ಹಿಂಭಾಗವೆಲ್ಲ ಖಾಲಿ. ಹೊರೆಯನ್ನು ತಾನೇ ಹೊತ್ತು ಬಂದು ತಾನೇ ಇಳಿಸುತ್ತದೆ, ಎರಡನೆಯ ಗಾಡಿ ಬೇಡ. ಮಡಚಿದ ಎತ್ತರ ಕಡಿಮೆ, ರೈಲ್ವೆ ಕೆಳಸೇತುವೆಗಳಲ್ಲಿ ನುಸುಳಬಹುದು. ಹಗ್ಗದಲ್ಲಿ ತೂಗಾಡುವ ಹೊರೆ ಇಲ್ಲ, ಕೊಕ್ಕೆ ತೋಳಿನ ತುದಿಯಲ್ಲೇ ಇರುವುದರಿಂದ ಗಾಳಿಗೆ ಓಲಾಟವೂ ಕಡಿಮೆ. ಹೊರೆ ಮಿತಿ ಮೀರಿದರೆ ಯಂತ್ರವೇ ಗಂಟೆ ಬಾರಿಸಿ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಆ ಕೀಲು. ನಿಮ್ಮ ತೋಳಿನಲ್ಲಿ ಮೊಣಕೈ ಇಲ್ಲದಿದ್ದರೆ ಬೀರುವಿನ ಕೆಳ ಅರೆಯಿಂದ ಒಂದು ಡಬ್ಬ ತೆಗೆಯಲು ಎಷ್ಟು ಹಿಂದೆ ಸರಿದು ನಿಲ್ಲಬೇಕು ಎಂದು ಒಮ್ಮೆ ಪ್ರಯತ್ನಿಸಿ ನೋಡಿ. ನೇರ ಕ್ರೇನಿನ ಕಷ್ಟವೆಲ್ಲ ಅರ್ಥವಾಗುತ್ತದೆ.

ತೊಂದರೆ ಬಂದದ್ದು ಯಂತ್ರದಿಂದಲ್ಲ, ಅದನ್ನು ನಡೆಸಬೇಕಾಗಿದ್ದ ದಸ್ತಗೀರನಿಂದ.

ದಸ್ತಗೀರ್ ಹಳೆಯ ಕ್ರೇನಿನ ಸೀಟಿನಲ್ಲಿ ಇಪ್ಪತ್ತಾರು ವರ್ಷ ಕುಳಿತವನು. ಹೊರೆ ಎಷ್ಟು ತೂಕ, ಎತ್ತುವ ಮೊದಲು ನೆಲಕ್ಕೆ ಊರಿದ ಗಾಡಿಯ ಕಬ್ಬಿಣದ ಕಾಲುಗಳಲ್ಲಿ ಯಾವುದು ಮೆತ್ತನೆಯ ನೆಲದಲ್ಲಿದೆ ಎಂಬುದು ಅವನಿಗೆ ಸೀಟಿನ ನಡುಕದಲ್ಲೇ ತಿಳಿಯುತ್ತಿತ್ತು. ಹೊಸ ಕ್ರೇನಿಗೆ ಸೀಟೇ ಇರಲಿಲ್ಲ. ಲಿವರುಗಳಿದ್ದ ಒಂದು ರಿಮೋಟ್ ಪೆಟ್ಟಿಗೆಯನ್ನು ಪಟ್ಟಿಯಿಂದ ಕುತ್ತಿಗೆಗೆ ತೂಗುಹಾಕಿಕೊಂಡು ನೆಲದ ಮೇಲೆ ನಿಂತು ನಡೆಸಬೇಕು.

"ಇದು ಕ್ರೇನ್ ಅಲ್ಲ ಸಾರ್, ಬ್ಯಾಂಡ್‌ಸೆಟ್ಟು," ಎಂದ. "ಕುತ್ತಿಗೆಗೆ ಹಾಕ್ಕೊಂಡು ಬಾರಿಸ್ತಾ ಹೋಗ್ಬೇಕು. ಮುಂದೆ ಮದ್ಲಿಂಗ ಒಬ್ಬ ಕುದುರೆ ಮೇಲೆ ಬೇಕು ಅಷ್ಟೇ."

ನಗು ಹೆಚ್ಚು ದಿನ ಉಳಿಯಲಿಲ್ಲ. ಸೀಟಿನಲ್ಲಿದ್ದಾಗ ಕ್ರೇನಿನ ಎಡವೇ ಅವನ ಎಡ. ನೆಲಕ್ಕಿಳಿದು ಗಾಡಿಗೆ ಎದುರಾಗಿ ನಿಂತ ಕೂಡಲೇ ಎಡಬಲ ಅದಲುಬದಲಾಯಿತು. ಹೊಸಬನಾಗಿದ್ದರೆ ಮೊದಲ ದಿನವೇ ಕಲಿತುಬಿಡುತ್ತಿದ್ದ. ಇವನ ಕೈಗೆ ಮಾತ್ರ ಇಪ್ಪತ್ತಾರು ವರ್ಷದ ರೂಢಿ. ಒಂದು ಬೆಳಗ್ಗೆ ಅಭ್ಯಾಸಕ್ಕೆಂದು ಎತ್ತಿದ್ದ ಕಾಂಕ್ರೀಟ್ ದಿಮ್ಮಿ ಎಡಕ್ಕೆ ಹೋಗಬೇಕಾದದ್ದು ಬಲಕ್ಕೆ ಬೀಸಿ ಶೌಚಾಲಯದ ಶೀಟ್ ಸೂರನ್ನು ಒಡೆಯಿತು. ಒಳಗೆ ಯಾರೂ ಇರಲಿಲ್ಲ.

ಸರೋಜಮ್ಮ ಬಂದು ಒಡೆದ ಸೂರನ್ನು ನೋಡಿದರು. ಗದರಲಿಲ್ಲ.

"ಫೋರ್‌ಮನ್, ಐದು ನಿಮಿಷ ಮುಂಚೆ ನಾನೇ ಅದರೊಳಗಿದ್ದೆ," ಎಂದರು. "ಹಳೇ ಗಾಡಿ ಮಾರಾಟ ಆಗಿದೆ. ಈ ಗಾಡಿ ಕಲಿತಿರೋ ಒಬ್ಬ ಆಪರೇಟರು ಹೊಸೂರಲ್ಲಿದಾನೆ, ಒಂದನೇ ತಾರೀಕು ಬರ್ತೀನಿ ಅಂದಿದಾನೆ. ಅಷ್ಟರೊಳಗೆ ದಸ್ತಗೀರು ಒಂದು ಕಷ್ಟದ ಕೆಲಸ ಸರಿಯಾಗಿ ಮಾಡಿ ತೋರಿಸ್ಲಿ, ಅವನನ್ನ ಬೇಡ ಅಂತೀನಿ. ಇಲ್ದಿದ್ರೆ ಗೇಟಲ್ಲಿ ವಾಚ್‌ಮನ್ ಕೆಲಸ ಇದೆ, ಕೊಡ್ತೀನಿ. ಕೈ ಬಿಡಲ್ಲ."

ಅಂದರೆ ಮೂರು ವಾರ. ಅವರು ಹೋದ ಮೇಲೆ ದಸ್ತಗೀರ್ ನನ್ನ ಬಳಿ ಬಂದು, "ಗೇಟಲ್ಲಿ ಕೂತ್ಕೊಂಡು ಇನ್ನೊಬ್ಬ ಕ್ರೇನ್ ತಗೊಂಡು ಹೋಗೋದನ್ನ ನೋಡ್ಬೇಕಾ ಸಾರ್? ಅದಕ್ಕಿಂತ ಮನೇಲಿ ಈರುಳ್ಳಿ ಸುಲೀತೀನಿ," ಎಂದ.

ನನಗೆ ಗೊತ್ತಿದ್ದ ಔಷಧ ಒಂದೇ, ದಿನಚರಿ. ಪ್ರತಿದಿನ ಆರೂವರೆಯಿಂದ ಎಂಟರವರೆಗೆ ಅಭ್ಯಾಸ, ಭಾನುವಾರವೂ ಬಿಡುವಿಲ್ಲ. ಕೊಕ್ಕೆಗೆ ಅಂಚಿನವರೆಗೆ ನೀರು ತುಂಬಿದ ಬಕೆಟ್ಟು. ಅದನ್ನು ಗೇಟಿನಿಂದ ಶೆಡ್ಡಿನವರೆಗೆ, ಶೆಡ್ಡಿನ ಬಾಗಿಲೊಳಗೆ, ಮೇಜಿನ ಮೇಲೆ ಇಡಬೇಕು. ಬಕೆಟ್ಟನ್ನು ಮತ್ತೆ ತುಂಬಲು ಬೇಕಾದ ನೀರನ್ನು ಲೋಟದಲ್ಲಿ ಅಳೆದು, ಚೆಲ್ಲಿದ್ದು ಎಷ್ಟೆಂದು ಬರೆಯುತ್ತಿದ್ದೆ. ಮೊದಲ ದಿನ ಅಳೆಯುವಂಥದ್ದೇನೂ ಇರಲಿಲ್ಲ, ಬಕೆಟ್ಟೇ ಖಾಲಿ. ನಾಲ್ಕನೆಯ ದಿನ ಐದು ಲೋಟ. ಹೊರೆಯನ್ನು ಕೊಕ್ಕೆಗೆ ಕಟ್ಟುವ ಕೆಲಸದ ಸೆಲ್ವಂ ಪಕ್ಕದಲ್ಲಿ ನಿಂತು, "ಭಾಯ್, ಗಿಡಕ್ಕೆ ನೀರು ಹಾಕ್ತಾ ಇದೀರಾ?" ಎಂದು ಕೇಳಿದ್ದಕ್ಕೆ ದಸ್ತಗೀರ್ ಎರಡು ದಿನ ಅವನೊಡನೆ ಮಾತು ಬಿಟ್ಟ.

ಎಡಬಲದ ಗೊಂದಲಕ್ಕೆ ನಾನು ಕಾಗದದ ಮೇಲೆ ನಕ್ಷೆ ಬರೆದುಕೊಟ್ಟೆ. ಅದರಿಂದ ಏನೂ ಆಗಲಿಲ್ಲ. ಪರಿಹಾರ ಅವನೇ ತಂದ. ಮಗಳ ಉಗುರುಬಣ್ಣದ ಎರಡು ಬಾಟಲಿ, ಒಂದು ಕೆಂಪು, ಒಂದು ನೀಲಿ. ಗಾಡಿಯ ಒಂದು ಬದಿಯ ಕಾಲಿಗೆ ಅಗಲವಾಗಿ ಕೆಂಪು, ಇನ್ನೊಂದಕ್ಕೆ ನೀಲಿ ಬಳಿದ. ತಿರುಗಿಸುವ ಲಿವರಿನ ಎರಡು ಪಕ್ಕಕ್ಕೂ ಅದೇ ಬಣ್ಣದ ಚುಕ್ಕೆ.

"ಇನ್ಮೇಲೆ ಎಡ ಇಲ್ಲ, ಬಲ ಇಲ್ಲ ಸಾರ್," ಎಂದ. "ಕೆಂಪು ಕಾಲಿನ ಕಡೆ ಹೋಗ್ಬೇಕಾ, ಕೆಂಪು ಚುಕ್ಕೆ ಕಡೆ ತಳ್ಳು. ನಾನೆಲ್ಲೇ ನಿಂತ್ರೂ ಕಾಲು ಜಾಗ ಬದಲಾಯ್ಸಲ್ವಲ್ಲ."

ಹದಿನೈದನೆಯ ದಿನ ಅರ್ಧ ಲೋಟ ಚೆಲ್ಲಿತು. ಅದನ್ನೂ ಬರೆದೆ.

ತಿಂಗಳ ಕೊನೆಯ ಭಾನುವಾರ ಹಲಸೂರಿನ ಕೆಲಸ ಬಂತು. ವಿಜಯಾ ಎಂಬುವರು ಹಳೆಯ ಬೀದಿಯೊಂದರಲ್ಲಿ ಮುದ್ರಣದ ಅಂಗಡಿ ನಡೆಸುತ್ತಿದ್ದರು, ಲಗ್ನಪತ್ರಿಕೆ, ಶಾಲೆಗಳ ರೆಕಾರ್ಡ್ ಪುಸ್ತಕ. ಹೆಚ್ಚುಕಡಿಮೆ ಒಂದು ಟನ್ ತೂಕದ ಮುದ್ರಣಯಂತ್ರ ಕೊಂಡಿದ್ದರು. ಅದು ಮೊದಲ ಮಹಡಿಯ ಕೋಣೆ ಸೇರಬೇಕು. ಮೆಟ್ಟಿಲು ಕಿರಿದು. ಬೀದಿಯ ಕಡೆಯ ಕಿಟಕಿಯನ್ನು ತೆಗೆಸಿ, ಕೆಳಗಿನ ಗೋಡೆಯನ್ನೂ ಒಡೆಸಿ ಬಾಗಿಲಿನಷ್ಟು ಜಾಗ ಮಾಡಿಸಿದ್ದರು. ಅದರ ಮೇಲೆ ಕಾಂಕ್ರೀಟಿನ ಅಡ್ಡತೊಲೆ, ಅದಕ್ಕೂ ಮೇಲೆ ತಂತಿಗಳು. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಕರೆಂಟು ತೆಗೆಸಲು ಅನುಮತಿ ಸಿಕ್ಕಿತ್ತು. ಸರೋಜಮ್ಮ ಕಾರಿನಲ್ಲಿ ಬಂದು ಎದುರು ಮನೆಯ ಜಗಲಿಯ ಮೇಲೆ ಕುಳಿತರು. ಯಾಕೆ ಬಂದಿದ್ದಾರೆಂದು ದಸ್ತಗೀರನಿಗೆ ಹೇಳಬೇಕಾಗಿರಲಿಲ್ಲ.

ಹಿಂದಿನ ದಿನ ಅಳತೆ ತೆಗೆದು ಯೋಜನೆ ಬರೆದವನು ನಾನೇ. ಕ್ರೇನಿನ ಮೊಣಕೈ ಎತ್ತರದಲ್ಲಿ, ಮುಂದೋಳು ಕೆಳಮುಖವಾಗಿ ಚಾಚಿ ಕಿಟಕಿಯೊಳಗೆ. ಸನ್ನೆ ನನ್ನದು, ಬೀದಿಯಿಂದ. ದಸ್ತಗೀರ್ ಲಾರಿಯ ಹಿಂದೆ. ಸೆಲ್ವಂ ಮೇಲೆ ಕೋಣೆಯಲ್ಲಿ, ಬಾಯಿ ಮುಚ್ಚಿಕೊಂಡು.

ಎಂಟೂ ಹತ್ತಕ್ಕೆ ಯಂತ್ರ ಲಾರಿ ಬಿಟ್ಟಿತು. ಕಿಟಕಿಯ ಮುಂದೆ ಬರುವವರೆಗೂ ಒಂದು ತಪ್ಪಿಲ್ಲ. ಅಲ್ಲಿ ಯಂತ್ರದ ತಳ ನೆಲದ ಅಂಚಿಗೆ ತಾಗುವಂತೆ ನನಗೆ ಕಂಡಿತು. ಮೇಲೆತ್ತು ಎಂದು ಸನ್ನೆ ಮಾಡಿದೆ. ದಸ್ತಗೀರ್ ಎತ್ತಿದ. ಒಳಗಿನಿಂದ ಸೆಲ್ವಂ, "ಸಾರ್, ಇಡಿಕ್ಕುದು, ಮೇಲೆ ಹೊಡೀತಿದೆ, ಇಳ್ಸಿ," ಎಂದು ಕೂಗಿದ. ಕ್ರೇನಿನ ತೋಳಿನ ಬೆನ್ನು ಅಡ್ಡತೊಲೆಗೆ ಉಜ್ಜಿ ಗಾರೆ ಉದುರಿತು. ಇಳಿಸಿದರೆ ತಳ ತಾಗುತ್ತದೆ, ಎತ್ತಿದರೆ ಬೆನ್ನು ತಾಗುತ್ತದೆ. ನಾನು ಸೆಲ್ವಂಗೆ ಸುಮ್ಮನಿರಲು ಹೇಳಿ, ತೋಳನ್ನು ಹಿಂದಕ್ಕೆ ತೆಗೆಸಿ, ಮತ್ತೆ ಒಳಕ್ಕೆ ಕಳುಹಿಸಿದೆ. ಮತ್ತೆ ಗಾರೆ. ಮೂರನೆಯ ಸಲವೂ ಅದೇ. ಒಂಬತ್ತು ಗಂಟೆಯಾಗಿತ್ತು. ವಿಜಯಾ ಅವರು ಬೀದಿಯಲ್ಲಿ ನಿಂತು ತಮ್ಮ ಗೋಡೆಯನ್ನೇ ನೋಡುತ್ತಿದ್ದರು. ನಾಲ್ಕನೆಯ ಸಲ ನಾನು ಕೈ ಎತ್ತಿದಾಗ ಕ್ರೇನು ಕದಲಲಿಲ್ಲ.

ತಿರುಗಿ ನೋಡಿದೆ. ದಸ್ತಗೀರ್ ಲಿವರಿನಿಂದ ಕೈ ತೆಗೆದು ನಿಂತಿದ್ದ. ಇಪ್ಪತ್ತಾರು ವರ್ಷದಲ್ಲಿ ಅವನು ಒಂದು ಸನ್ನೆಯನ್ನೂ ಮೀರಿದವನಲ್ಲ.

"ಏನಾಯ್ತು?" ಎಂದೆ.

"ಸಾರ್, ನಿಮಗೆ ತಳ ಕಾಣ್ತಿದೆ, ಸೆಲ್ವಂಗೆ ಬೆನ್ನು ಕಾಣ್ತಿದೆ. ನನಗೆ ಎರಡೂ ಕಾಣ್ತಿಲ್ಲ. ನಾನು ಮೇಲೆ ಹೋಗ್ತೀನಿ."

"ಆಪರೇಟರು ಗಾಡಿ ಬಿಟ್ಟು ಹೋಗೋ ಹಾಗಿಲ್ಲ."

"ಗಾಡಿ ಎಲ್ಲಿ ಬಿಟ್ಟೆ ಸಾರ್? ಕುತ್ತಿಗೇಲೇ ಇದೆಯಲ್ಲ."

ಅವನು ಹೇಳಿದ್ದು ಸರಿಯೆಂದು ತಿಳಿಯಲು ಹೊತ್ತು ಬೇಕಾಗಿರಲಿಲ್ಲ, ಒಪ್ಪಿಕೊಳ್ಳಲು ಬೇಕಾಯಿತು. ಅವನು ಮೇಲೆ ಹೋದರೆ ಬೀದಿಯಲ್ಲಿರುವ ನನ್ನ ಕೈ ಅವನಿಗೆ ಕಾಣುವುದೇ ಇಲ್ಲ. ಸನ್ನೆ ಇಲ್ಲದೆ ಒಂದು ಟನ್ ಹೊರೆ ಚಲಿಸುವುದನ್ನು ನಾನು ಎಂದೂ ಬಿಟ್ಟಿರಲಿಲ್ಲ. ಇನ್ನೊಂದು ಭಯವೂ ಇತ್ತು. ಮೇಲೆ ನಿಂತರೆ ಅವನು ಕ್ರೇನಿಗೆ ನೇರ ಎದುರಾಗಿರುತ್ತಾನೆ, ಸೂರು ಒಡೆದ ದಿನ ನಿಂತಿದ್ದ ಹಾಗೆಯೇ. ತಪ್ಪಿದರೆ ಈ ಸಲ ಒಡೆಯುವುದು ಪಕ್ಕದ ಮನೆಯ ಬಾಲ್ಕನಿ. ಆಮೇಲೆ ಅವನಿಗೆ ಗೇಟಿನ ಕುರ್ಚಿಯೇ ಗತಿ.

"ಮೊದಲು ಹೊರೆ ವಾಪಸ್ ಲಾರಿ ಮೇಲೆ ಇಳ್ಸು," ಎಂದೆ. "ತೂಗುಹಾಕಿ ಎಲ್ಲಿಗೂ ಹೋಗೋ ಹಾಗಿಲ್ಲ. ಆಮೇಲೆ ಹೋಗು. ನಾನು ಇಲ್ಲಿ, ಲಾರಿ ಪಕ್ಕದಲ್ಲಿರೋ ನಿಲ್ಲಿಸೋ ಬಟನ್ ಹತ್ರ ಇರ್ತೀನಿ. ಏನಾದ್ರೂ ತಪ್ಪಾದ್ರೆ ಒತ್ತೇ ಒತ್ತುತೀನಿ."

"ಒತ್ತಿ ಸಾರ್. ಅದಕ್ಕೇ ತಾನೇ ಇರೋದು."

ಅವನು ಮೆಟ್ಟಿಲು ಹತ್ತಿ ಒಡೆದ ಗೋಡೆಯ ಒಳಗೆ, ಒಂದು ಪಕ್ಕಕ್ಕೆ ನಿಂತು ಕೆಳಗೆ ನೋಡಿದ. ಕಣ್ಣು ಲಾರಿಯ ಕಾಲುಗಳ ಮೇಲೆ ಹೋಯಿತು, ಮೊದಲು ಕೆಂಪು, ಆಮೇಲೆ ನೀಲಿ. ಯಂತ್ರ ಎದ್ದಿತು. ನೀಲಿ ಕಾಲಿನ ಕಡೆಗೆ ತಿರುಗಬೇಕಾಗಿತ್ತು. ನನ್ನ ಹೆಬ್ಬೆರಳು ಗುಂಡಿಯ ಮೇಲಿತ್ತು. ತೋಳು ನೀಲಿಯ ಕಡೆಗೇ ತಿರುಗಿತು.

ಕಿಟಕಿಯ ಮುಂದೆ ಬಂದ ಮೇಲೆ ಅವನು ಮಾಡಿದ್ದು ನನ್ನ ಕಾಗದದಲ್ಲಿ ಇರಲಿಲ್ಲ. ಕ್ರೇನಿನ ಮೊಣಕೈಯನ್ನು ಕೆಳಗಿಳಿಸತೊಡಗಿದ. ಇಳಿಸಿದಷ್ಟೂ ಮುಂದೋಳನ್ನು ಎತ್ತಿದ. ಹೊರೆ ಇದ್ದಲ್ಲೇ ಇತ್ತು, ತೋಳು ಮಾತ್ರ ಅದರ ಹಿಂದೆ ವಾಲಿಕೆ ಬದಲಿಸಿತು. ಈಗ ಮುಂದೋಳು ಕೆಳಗಿನಿಂದ ಮೇಲಕ್ಕೆ ಚಾಚಿ ಕಿಟಕಿಯೊಳಗೆ ಹೋಗುತ್ತಿತ್ತು. ಅಡ್ಡತೊಲೆಯ ಕೆಳಗೆ ನಾಲ್ಕು ಬೆರಳು ಜಾಗ ತೆರೆದುಕೊಂಡಿತು. ಕುಳಿತವರಿಗೆ ಕಿಟಕಿಯಿಂದ ಊಟದ ತಟ್ಟೆ ಕೊಡುವಾಗ ಯಾರೂ ಮೊಣಕೈಯನ್ನು ತಲೆಯ ಮೇಲೆತ್ತಿ ಕೊಡುವುದಿಲ್ಲ. ನಾನು ಕೊಟ್ಟಿದ್ದೆ. ನೇರ ಬೂಮಿನಲ್ಲಿ ಬೆಳೆದ ನನಗೆ ತೋಳು ಎಂದರೆ ಮೇಲಿನಿಂದ ಕೆಳಕ್ಕೆ ಬರುವ ವಸ್ತು. ಮೊಣಕೈ ಇರುವ ಕ್ರೇನನ್ನು ಎದುರಿಗಿಟ್ಟುಕೊಂಡು ಮೊಣಕೈ ಇಲ್ಲದ ಯೋಜನೆ ಬರೆದಿದ್ದೆ. ಕಲಿಯಬೇಕಾಗಿದ್ದವನು ಒಬ್ಬನೇ ದಸ್ತಗೀರನಲ್ಲ.

ಯಂತ್ರ ಒಳಗೆ ಹೋಯಿತು. ಉಜ್ಜಲಿಲ್ಲ, ಓಲಾಡಲಿಲ್ಲ. ಆಮೇಲೆ ಮೇಲಿನಿಂದ ಸೆಲ್ವಂನ ಧ್ವನಿ: "ಕೂತ್ಕೊಂಡ್ತು ಸಾರ್."

ನಾನು ಗುಂಡಿಯಿಂದ ಬೆರಳು ತೆಗೆದೆ. ಗಡಿಯಾರ ನೋಡಿದೆ, ಒಂಬತ್ತೂ ನಲವತ್ತು.

ಸರೋಜಮ್ಮ ಜಗಲಿಯಿಂದ ಇಳಿದು ಬಂದರು. "ಕೊನೇಲಿ ಸಿಗ್ನಲ್ ಕೊಟ್ಟಿದ್ದು ಯಾರ್ರೀ? ನೀವು ಸುಮ್ನೆ ನಿಂತಿದ್ರಲ್ಲ."

"ಯಾರೂ ಕೊಡ್ಲಿಲ್ಲಮ್ಮ. ಬೇಕಾಗ್ಲಿಲ್ಲ. ಮೊದಲ ಮೂರು ಸಲ ತಪ್ಪಿದ್ದು ನನ್ನ ಪ್ಲಾನು, ಅವನ ಕೈ ಅಲ್ಲ."

ಅವರು ನನ್ನ ಮುಖವನ್ನು ಒಂದು ಸಲ ನೋಡಿ, ಅಲ್ಲೇ ನಿಂತು ಫೋನ್ ಮಾಡಿದರು. "ಹೊಸೂರವರಾ? ಒಂದನೇ ತಾರೀಕು ಬರೋದು ಬೇಡಪ್ಪ. ನಮ್ಮವನೇ ಇದಾನೆ." ಅಷ್ಟೇ ಮಾತು. ಮೆಟ್ಟಿಲಿನ ಬಾಗಿಲಲ್ಲಿ ನಿಂತಿದ್ದ ದಸ್ತಗೀರನಿಗೆ ಅದು ಕೇಳಿಸಿತು. ಅವನು ಪೆಟ್ಟಿಗೆಯ ಪಟ್ಟಿಯನ್ನು ಕುತ್ತಿಗೆಯ ಮೇಲೆ ಸರಿಮಾಡಿಕೊಂಡು, "ಅಮ್ಮ, ಬಾತ್‌ರೂಮ್ ಶೀಟು ನಾನೇ ಹಾಕಿಸ್ತೀನಿ," ಎಂದ.

"ಹಾಕ್ಸು, ಮತ್ತೆ ನಾನು ಹಾಕಿಸ್ತೀನಾ?" ಎಂದರು ಸರೋಜಮ್ಮ.

ಇದಾದ ಮೇಲೆ ಯಾರ್ಡಿನಲ್ಲಿ ಎರಡು ಬದಲಾವಣೆ ಮಾಡಿದೆ. ಹೊರೆ ಇಳಿಯುವ ಜಾಗ ಯಾರಿಗೆ ಕಾಣುತ್ತದೋ ಅವನ ಬಳಿ ಪೆಟ್ಟಿಗೆ ಇರಬೇಕು, ಫೋರ್‌ಮನ್ ನಿಲ್ಲಿಸುವ ಗುಂಡಿಯ ಬಳಿ. ಮತ್ತು ಯೋಜನೆ ಬರೆಯುವಾಗ ಆಪರೇಟರು ಪಕ್ಕದಲ್ಲಿ ಕುಳಿತಿರಬೇಕು. ಮೊದಮೊದಲು ದಸ್ತಗೀರ್ ನನ್ನ ಕಾಗದ ನೋಡಿ ಸಂಕೋಚದಿಂದ ಕೆಮ್ಮುತ್ತಿದ್ದ. ಆರು ತಿಂಗಳಲ್ಲಿ ಕೆಮ್ಮು ನಿಂತು ನೇರವಾಗಿ ಪೆನ್ಸಿಲ್ಲನ್ನೇ ಕಿತ್ತುಕೊಳ್ಳತೊಡಗಿದ. ಕೆ.ಆರ್. ಪುರದಲ್ಲಿ ನೀರಿನ ತೊಟ್ಟಿ, ಇಂದಿರಾನಗರದಲ್ಲಿ ಮಹಡಿಯ ಮೇಲಿನ ಮರಗಳು, ದೊಡ್ಡನೆಕ್ಕುಂದಿಯಲ್ಲಿ ಲೇತುಗಳು, ಎಲ್ಲವನ್ನೂ ಹೀಗೆ ಇಬ್ಬರೂ ಜಗಳವಾಡಿಯೇ ಸರಿಯಾಗಿ ಇಳಿಸಿದೆವು.

ಆ ಭಾನುವಾರದ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಫೋನಾದ ಮೇಲೆ ದಸ್ತಗೀರ್ ಕೆಳಗೆ ನಿಂತು ತೋಳನ್ನು ಮೂರು ಮಡಿಕೆ ಮಾಡಿ ಕ್ಯಾಬಿನ್ನಿನ ಹಿಂದೆ ಕೂರಿಸಿದ, ಆಮೇಲೆ ಗಾಡಿಯ ಕಾಲುಗಳನ್ನು ಎತ್ತಿದ. ಕಾಲುಗಳ ಕೆಳಗೆ ಹಾಕಿದ್ದ ಮರದ ಹಲಗೆಗಳನ್ನು ಯಾರಾದರೂ ತೆಗೆದು ಲಾರಿಗೆ ಹಾಕಬೇಕಿತ್ತು. ಆ ಕೆಲಸ ಸೆಲ್ವಂನದು, ಅವನು ಮೇಲೆ ವಿಜಯಾ ಅವರ ಯಂತ್ರವನ್ನು ರೋಲರಿನ ಮೇಲೆ ತಳ್ಳುತ್ತಿದ್ದ. ನಾನು ಬಗ್ಗಿ ಮೊದಲನೆಯ ಹಲಗೆಯನ್ನು ಎತ್ತಿ ಲಾರಿಗೆ ಹಾಕಿದೆ.

"ಏನ್ರೀ, ಫೋರ್‌ಮನ್ನೇ ಹಲಗೆ ಹೊರೋದಾ?" ಎಂದರು ಸರೋಜಮ್ಮ.

"ಎರಡು ಕೈಯೂ ಖಾಲಿ ಇದೆಯಲ್ಲಮ್ಮ," ಎಂದು ಹೇಳಿ ಎರಡನೆಯದನ್ನು ಎತ್ತಲು ಹೋದೆ.